ನೆರಳುಹೊತ್ತನ್ನು ಬಿಟ್ಟುಕೊಟ್ಟ ಕೋಣ

ಮಕ್ಕಳೇ, ಮೊದಲೇ ಹೇಳಿಬಿಡುತ್ತೇನೆ, ಇದು ನಗಿಸುವ ಕತೆಯಲ್ಲ.

ಕಾಡಿನ ನಡುವೆ ಒಂದು ಕೆರೆ ಇತ್ತು. ಬೇಸಿಗೆ ಬಂತೆಂದರೆ ಪ್ರಾಣಿಗಳು ಅದರ ಹೂಳು ಹೊತ್ತು ಏರಿಯಾಚೆ ಸುರಿಯುತ್ತಿದ್ದವು. ಕೆರೆಯ ಯಜಮಾನ ಕರಡಿಯಪ್ಪ ಕೂಲಿಗೆ ಹುಲ್ಲು ಕೊಡುತ್ತಿದ್ದ.

ಅಲ್ಲಿ ನೆರಳುಹೊತ್ತು ಎಂಬ ಹಳೆಯ ಕಟ್ಟಳೆಯಿತ್ತು. ಬಿಸಿಲು ನೆತ್ತಿಗೇರಿದಾಗ ಎಲ್ಲರೂ ಹೊರೆ ಇಳಿಸಿ ಹೊಂಗೆಮರದಡಿ ನಿಲ್ಲಬೇಕು. ಗಬ್ಬದ ಹೆಣ್ಣುಗಳಿಗೆ ಅರ್ಧ ಹೊರೆ, ಪೂರ್ತಿ ಹುಲ್ಲು. ಇದನ್ನು ಬದಲಿಸಬೇಕಾದರೆ ದುಡಿಯುವವರೆಲ್ಲ ನೀರಿಗೆ ಕಾಲಿಟ್ಟು ಒಪ್ಪಬೇಕು. ಒಬ್ಬರು ದಡದಲ್ಲಿ ನಿಂತರೂ ಆಗದು.

ಒಂದು ದಿನ ಕರಡಿಯಪ್ಪ ಬೆಣ್ಣೆಯಂಥ ಮಾತು ತೆಗೆದ. "ಇದೆಲ್ಲ ಹಳೇ ಕಾಲದ್ದು ಕಣ್ರಪ್ಪಾ. ಇನ್ನು ನಿಮ್ಮಿಷ್ಟ. ಬೇಕಾದವರು ನಿಲ್ಲಿ, ಬೇಡದವರು ದುಡೀರಿ. ದುಡಿದವರಿಗೆ ಒಂದು ಕಟ್ಟು ಹುಲ್ಲು ಜಾಸ್ತಿ!"

ದುಗ್ಗ ಎಂಬ ಕೋಣನಿಗೆ ಪ್ರಾಯದ ಸೊಕ್ಕು. "ಈ ಮೈಗೆ ನೆರಳು ಯಾಕೆ?" ಎನ್ನುತ್ತ ಮೊದಲು ನೀರಿಗಿಳಿದ. ಉಳಿದವರೂ ಇಳಿದರು. ಸಿದ್ಧವ್ವ ಎಂಬ ಕತ್ತೆ ಮಾತ್ರ ದಡದಲ್ಲೇ ನಿಂತಳು.

"ಬಾ ಅಕ್ಕಾ," ಎಂದ ದುಗ್ಗ.

"ಹೊಟ್ಟೇಲಿ ಮರಿ ಇದೆಯಪ್ಪಾ. ಆ ನೆರಳೇ ನನಗೆ ಆಸರೆ."

"ನಿಲ್ಲಬೇಡ ಅಂತ ಯಾರಂದ್ರು? ನಿನ್ನೊಬ್ಬಳಿಂದ ಎಲ್ಲರ ಬಾಯಿಗೂ ಮಣ್ಣು!"

ಎಲ್ಲರೂ ಅವಳನ್ನೇ ನೋಡಿದರು. ಪಾಪ, ನಾಚಿಕೆಗೆ ಅವಳೂ ಕಾಲಿಟ್ಟಳು.

ಮರುದಿನ ಸಿದ್ಧವ್ವ ಮರದಡಿ ನಿಂತಳು. ಸಂಜೆ ಸಿಕ್ಕಿದ್ದು ಹಿಡಿ ಹುಲ್ಲು. "ನಿಂತವರಿಗೆ ಅಷ್ಟೇ," ಎಂದ ಕರಡಿಯಪ್ಪ. ಎರಡು ಜೀವಕ್ಕೆ ಹಿಡಿ ಹುಲ್ಲು ಎಲ್ಲಿ ಸಾಕು? ಹಸಿವು ತಾಳದೆ ಅವಳೂ ಉರಿಬಿಸಿಲಲ್ಲಿ ಪೂರ್ತಿ ಹೊರೆ ಹೊತ್ತಳು. ಇನ್ನು ಆ ಜಾಸ್ತಿ ಕಟ್ಟೋ? ಕೆಲವೇ ದಿನಕ್ಕೆ ಅದೂ ನಿಂತಿತು. "ಎಲ್ಲರೂ ದುಡಿಯುವಾಗ ಜಾಸ್ತಿ ಯಾರಿಗಂತ ಕೊಡಲಿ?" ಎಂದನಂತೆ ಆ ಮಹಾರಾಯ!

ಒಂದು ಮಧ್ಯಾಹ್ನ ಏರಿ ಹತ್ತುತ್ತಿದ್ದ ಸಿದ್ಧವ್ವ ಕುಸಿದುಬಿದ್ದಳು. ದಿನ ತುಂಬುವ ಮೊದಲೇ, ಕಾದ ಮಣ್ಣಿನ ಮೇಲೆ ಮರಿ ಹುಟ್ಟಿತು. ದುಗ್ಗ ಹೊರೆ ಎಸೆದು ಓಡಿಬಂದು ಬಿಸಿಲಿಗೆ ಅಡ್ಡ ನಿಂತ. ತಾಯಿ ನೆಕ್ಕಿದಳು, ಮತ್ತೆ ಮತ್ತೆ ನೆಕ್ಕಿದಳು. ಮರಿ ಉಸಿರಾಡಲಿಲ್ಲ.

"ನಮ್ಮ ನೆರಳುಹೊತ್ತು ವಾಪಸ್ ಕೊಡಿ ಯಜಮಾನರೇ," ದುಗ್ಗ ಅಂಗಲಾಚಿದ.

"ನಾನೇನು ಕಿತ್ಕೊಂಡೆನಾ? ನೀವೇ ಒಪ್ಪಿ ಬಿಟ್ಟಿದ್ದು," ಎಂದು ಕರಡಿಯಪ್ಪ ಹೊರಟುಹೋದ.

ದುಗ್ಗ ಬಿಕ್ಕಿಬಿಕ್ಕಿ ಅತ್ತ. "ಅಕ್ಕಾ, ನನ್ನ ಬೈದಾದ್ರೂ ಬಿಡು."

"ಬೈದರೆ ಇದು ಏಳ್ತದಾ ತಮ್ಮಾ?" ಸಿದ್ಧವ್ವ ಮರಿಯ ಮೇಲೆ ಒಣ ಎಲೆ ಎಳೆದು ಮುಚ್ಚಿದಳು. ಆಮೇಲೆ ಕಾಲೂರಿ ಎದ್ದಳು. "ಆ ಹೊರೆ ನನ್ನ ಬೆನ್ನಿಗೆ ಎತ್ತು. ಇವತ್ತಿನ ಹುಲ್ಲೂ ತಪ್ಪಿದರೆ ನಾಳೆ ನಾನೂ ಏಳೋದಿಲ್ಲ."

ದುಗ್ಗ ಅಳುತ್ತಲೇ ಹೊರೆ ಎತ್ತಿಕೊಟ್ಟ.

ನೀತಿ: ಬಲವಿದ್ದವರಿಗೆ ಬೇಡವೆನಿಸುವ ಕಟ್ಟಳೆಯೇ ಬಲವಿಲ್ಲದವರ ಜೀವ ಕಾಯುತ್ತದೆ, ನಮಗೆ ಬೇಡವೆಂದು ಅದನ್ನು ಬಿಟ್ಟುಕೊಡಬಾರದು.