ಕೆಂಪು ತೆಗೆದ ಮುಖ

"ಗುರುಗಳೇ, ನಾವು ಪ್ರೀತಿಸುವವರಲ್ಲಿ ನಮಗೆ ಒಪ್ಪದ ಒಂದೇ ಒಂದು ಗುಣವಿದ್ದರೆ, ಅದೊಂದನ್ನು ಮಾತ್ರ ತೆಗೆದುಬಿಡಲು ಸಾಧ್ಯವೇ?" ಎಂದು ಶಿಷ್ಯ ಕೇಳಿದ.

"ಯಾರಿಂದ ತೆಗೆಯಬೇಕಾಗಿದೆ?" ಎಂದರು ಗುರುಗಳು.

ಶಿಷ್ಯ ತಡೆದು ತಡೆದು ಹೇಳಿದ. ಅವನಿಗೆ ಇದ್ದವಳು ಒಬ್ಬಳೇ ಅಕ್ಕ. ತಂದೆತಾಯಿ ತೀರಿಕೊಂಡ ಮೇಲೆ ಕೂಲಿ ಮಾಡಿ ಅವನನ್ನು ಓದಿಸಿದವಳು. ಹೋದ ವರ್ಷ ಅವನನ್ನು ನೋಡಲು ಮಠಕ್ಕೆ ಬಂದಿದ್ದಳು. ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು, "ಸಾಕಲ್ಲವೇನಮ್ಮ?" ಎಂದರು. "ನನ್ನ ಹಸಿವು ನಿಮ್ಮ ಹೊಟ್ಟೆಯಲ್ಲಿದೆಯೇ ಸ್ವಾಮಿ?" ಎಂದು ಕೇಳಿ ಅವಳು ಮತ್ತೆ ಅನ್ನ ಹಾಕಿಸಿಕೊಂಡಳು. ಪಂಕ್ತಿಯೇ ತಿರುಗಿ ನೋಡಿತು. ಈಗ ಮತ್ತೆ ಬರುತ್ತೇನೆಂದು ಹೇಳಿಕಳಿಸಿದ್ದಾಳೆ.

"ಅವಳಲ್ಲಿ ಬೇರೆ ಯಾವ ಕೊರತೆಯೂ ಇಲ್ಲ. ಆ ಎದುರುಮಾತು ಒಂದನ್ನು ಬಿಟ್ಟು ಬರುವುದಾದರೆ ಬಾ, ಇಲ್ಲದಿದ್ದರೆ ಬೇಡ ಎಂದು ತಿಳಿಸಲೇ?" ಎಂದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಅವನು ಚಿಕ್ಕವನಾಗಿದ್ದಾಗಲೇ ತಂದೆ ತೀರಿಕೊಂಡ. ಮನೆತನದ ಹೆಂಗಸರು ಸೇರಿ ತಾಯಿಯ ಹಣೆಯ ಕುಂಕುಮ ಒರೆಸಲು ಬಂದರು. ಚಾಚಿದ ಕೈಯನ್ನು ತಾಯಿ ಹಿಡಿದುಕೊಂಡಳು. "ಇದನ್ನು ನನಗೆ ಇಟ್ಟವಳು ನನ್ನವ್ವ, ತೊಟ್ಟಿಲಿನಲ್ಲಿ. ಅವರು ಬಂದದ್ದು ಆಮೇಲೆ. ಅವರ ಜೊತೆ ಇದು ಯಾಕೆ ಹೋಗಬೇಕು?" ಎಂದಳು. ಮಗ ಅಲ್ಲೇ ನಿಂತು ನೋಡುತ್ತಿದ್ದ.

ಅಂದಿನಿಂದ ದೊಡ್ಡಪ್ಪನ ಮನೆಯವರು ಆ ಮನೆಯ ನೀರು ಮುಟ್ಟಲಿಲ್ಲ. ತಾಯಿ ಯಾರನ್ನೂ ಕರೆಯಲು ಹೋಗಲಿಲ್ಲ. ಹಿಟ್ಟಿನ ಗಿರಣಿ ಹಾಕಿದಳು. ದಿನವಿಡೀ ಹಿಟ್ಟಿನ ಧೂಳಿನಲ್ಲಿ ನಿಂತಳು. ಸೆರಗಿನಿಂದ ಮುಖ ಒರೆಸಿಕೊಳ್ಳುವಾಗಲೂ ಕುಂಕುಮಕ್ಕೆ ತಾಗದಂತೆ ಅದರ ಸುತ್ತ ಒರೆಸಿಕೊಳ್ಳುತ್ತಿದ್ದಳು. ಮಗ ಬೆಳೆದ, ಅಂಗಡಿ ಇಟ್ಟ. ತಾಯಿಗೆ ವಯಸ್ಸಾಯಿತು. ಒಂದು ದಿನ ಹೋಗಿಬಿಟ್ಟಳು.

ದೊಡ್ಡಪ್ಪನ ಮನೆಯಿಂದ ಮಾತು ಬಂತು. ಹದಿಮೂರನೆಯ ದಿನಕ್ಕೆ ನಾವು ಬರುತ್ತೇವೆ, ಆದದ್ದು ಆಯಿತು, ಆದರೆ ಹಾರ ಹಾಕುವ ಫೋಟೋದಲ್ಲಿ ಕುಂಕುಮ ಇರಕೂಡದು ಎಂದು. ವ್ಯಾಪಾರಿ ಯೋಚನೆಗೆ ಬಿದ್ದ. ತಾಯಿ ಹೋದ ಮೇಲೆ ನನ್ನವರು ಎನ್ನಲು ಅವನಿಗೆ ಉಳಿದವರು ಅವರೇ. ಅವನು ಕೆಟ್ಟವನಲ್ಲ. ಒಂಟಿಯಾಗಿದ್ದ.

ಅವನ ಬಳಿ ಇದ್ದದ್ದು ಒಂದೇ ಒಳ್ಳೆಯ ಫೋಟೋ. ಗಿರಣಿಯ ನೀಲಿ ಬಾಗಿಲಲ್ಲಿ ಹಸಿರು ಸೀರೆ ಉಟ್ಟು ನಿಂತಾಗ ಮೊಬೈಲಿನಲ್ಲಿ ತೆಗೆದದ್ದು. ಅದನ್ನು ಸ್ಟುಡಿಯೋಗೆ ಒಯ್ದು, "ಕಪ್ಪುಬಿಳುಪು ಮಾಡಿಕೊಡಿ. ಕುಂಕುಮ ಕಾಣಬಾರದು" ಎಂದ.

ಸ್ಟುಡಿಯೋ ನಡೆಸುತ್ತಿದ್ದವಳು ಒಬ್ಬ ಹೆಂಗಸು. "ಅಷ್ಟಕ್ಕೆ ಕಪ್ಪುಬಿಳುಪು ಯಾಕಣ್ಣಾ? ಬೊಟ್ಟು ಒಂದನ್ನೇ ಒರೆಸಿ ಕೊಡುತ್ತೇನೆ. ಬಣ್ಣ ಬಣ್ಣವಾಗೇ ಇರಲಿ" ಎಂದಳು.

ವ್ಯಾಪಾರಿ ಬೆಚ್ಚಿದ. "ಒರೆಸಬೇಡಿ! ಅಮ್ಮನ ಹಣೆಗೆ ಯಾರೂ ಕೈ ಹಾಕುವುದು ಬೇಡ. ನೀವು ಬಣ್ಣ ತೆಗೆಯಿರಿ. ಬಣ್ಣದ ಜೊತೆ ಅದಾಗಿಯೇ ಹೋಗಲಿ."

ಅವಳು ಕಂಪ್ಯೂಟರಿನಲ್ಲಿ ಬಣ್ಣ ತೆಗೆದಳು. ಕುಂಕುಮ ಹೋಗಲಿಲ್ಲ. ಕಪ್ಪಗೆ ಕುಳಿತುಕೊಂಡಿತು.

ಕಪ್ಪುಬಿಳುಪು ಮಾಡುವುದೆಂದರೆ ಬಣ್ಣವನ್ನು ತೊಳೆದುಬಿಡುವುದಲ್ಲ. ಯಾವ ಬಣ್ಣ ಎಷ್ಟು ಕಪ್ಪಾಗಬೇಕು, ಎಷ್ಟು ಬೆಳ್ಳಗಾಗಬೇಕು ಎಂಬುದನ್ನು ಮಾಡುವವರು ಹೇಳಬೇಕು. ಪರದೆಯ ಮೇಲೆ ಕೆಂಪಿಗೆ ಒಂದು ಪಟ್ಟಿ, ಹಸಿರಿಗೆ ಒಂದು, ನೀಲಿಗೆ ಒಂದು. ಪಟ್ಟಿಯ ಮೇಲಿನ ಗುರುತನ್ನು ಬಲಕ್ಕೆ ಎಳೆದರೆ ಆ ಬಣ್ಣ ಬೆಳ್ಳಗಾಗುತ್ತದೆ, ಎಡಕ್ಕೆ ಎಳೆದರೆ ಕಪ್ಪಾಗುತ್ತದೆ. ಅವಳು ಕೆಂಪಿನ ಗುರುತನ್ನು ಬಲಕ್ಕೆ ಎಳೆದಳು. ಕುಂಕುಮ ತಿಳಿಯಾಯಿತು.

"ಇನ್ನೂ ಸ್ವಲ್ಪ" ಎಂದ ವ್ಯಾಪಾರಿ.

ಇನ್ನೂ ಎಳೆದಳು. ಸ್ವಲ್ಪ ಗುರುತು ಉಳಿಯಿತು.

"ಇನ್ನೂ."

ಕೊನೆಯವರೆಗೆ ಎಳೆದಳು. ಕುಂಕುಮ ಹೋಯಿತು. ತುಟಿಯೂ ಹೋಯಿತು. ಕೆನ್ನೆಯ ಗೆರೆಗಳು ಹೋದವು. ಮೂಗು ಎಲ್ಲಿ ಮುಗಿಯಿತು, ಕೆನ್ನೆ ಎಲ್ಲಿ ಶುರುವಾಯಿತು ತಿಳಿಯಲಿಲ್ಲ. ಬಾಗಿಲು ಇದ್ದ ಹಾಗೇ ಇತ್ತು, ಸೀರೆ ಇದ್ದ ಹಾಗೇ ಇತ್ತು. ಮುಖವಿದ್ದ ಕಡೆ ಬಿಳುಪು ಮಾತ್ರ ಉಳಿದಿತ್ತು, ಅದರಲ್ಲಿ ಎರಡು ಕಣ್ಣು.

"ಇದು ಯಾರು?" ಎಂದ ವ್ಯಾಪಾರಿ. "ಹಿಟ್ಟು ಮುಚ್ಚಿದ ದಿನವೂ ಅಮ್ಮ ಹೀಗೆ ಕಾಣುತ್ತಿರಲಿಲ್ಲ. ಕುಂಕುಮದ ಕೆಂಪು ಮಾತ್ರ ತೆಗೆಯಿರಿ, ಮುಖದ್ದು ಬೇಡ."

"ಮನುಷ್ಯರ ಮುಖದಲ್ಲಿ ಇರುವುದೆಲ್ಲ ಕೆಂಪೇ ಅಣ್ಣಾ. ಅದು ಬೇರೆ, ಇದು ಬೇರೆ ಅಂತ ಇದಕ್ಕೆ ಗೊತ್ತಾಗುವುದಿಲ್ಲ. ಅದೊಂದೇ ಹೋಗಬೇಕೆಂದರೆ ಕೈಯಿಂದ ಒರೆಸಬೇಕು. ಒರೆಸಲೇ?"

ವ್ಯಾಪಾರಿ ಪರದೆಯ ಮೇಲಿನ ಬಿಳುಪನ್ನೇ ನೋಡುತ್ತ ಕುಳಿತ. ಅಂದು ತಾಯಿ ಹಿಡಿದುಕೊಂಡ ಕೈ ಯಾರದ್ದೆಂದು ಅವನಿಗೆ ನೆನಪಿರಲಿಲ್ಲ. ಹಿಡಿದ ತಾಯಿಯ ಕೈ ನೆನಪಿತ್ತು.

"ಹಿಂದಕ್ಕೆ ಎಳೆಯಿರಿ" ಎಂದ.

ಅವಳು ಗುರುತನ್ನು ಮೆಲ್ಲನೆ ಎಡಕ್ಕೆ ತಂದಳು. ಮೊದಲು ತುಟಿ ಬಂತು. ಬಾಯಿಯ ಪಕ್ಕದ ಗೆರೆ ಬಂತು, ಬೈಯುವ ಮೊದಲು ಆಳವಾಗುತ್ತಿದ್ದ ಗೆರೆ. ಕೆನ್ನೆ ಬಂತು. ಹಣೆಯ ಮೇಲೆ ಕುಂಕುಮ ಬಂತು.

"ಇಷ್ಟು ಸಾಕೇ?" ಎಂದಳು.

"ಇನ್ನೂ ಸ್ವಲ್ಪ" ಎಂದ ವ್ಯಾಪಾರಿ.

ಅವಳು ಇನ್ನೂ ಎಳೆದಳು. ಗೆರೆಗಳೆಲ್ಲ ಎದ್ದು ನಿಂತವು. ಕುಂಕುಮ ಬಣ್ಣದ ಫೋಟೋದಲ್ಲಿ ಇದ್ದುದಕ್ಕಿಂತ ಗಾಢವಾಯಿತು. ಬಾಗಿಲಲ್ಲಿ ನಿಂತು ನೋಡಿದವರಿಗೂ ಮೊದಲು ಅದೇ ಕಾಣುವಂತಾಯಿತು. ವ್ಯಾಪಾರಿ ಅದಕ್ಕೆ ಕಟ್ಟು ಹಾಕಿಸಿ, ಎದೆಗೆ ಅವುಚಿಕೊಂಡು ಮನೆಗೆ ಹೋದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮುಂದೆ ಇನ್ನೂ ಇದೆಯೆಂದು ಶಿಷ್ಯ ಕಾದ. ಅವರು ಹೇಳುವಂತೆ ಕಾಣಲಿಲ್ಲ.

"ಹದಿಮೂರನೆಯ ದಿನ ಬಂದ ನೆಂಟರು ಆ ಫೋಟೋ ನೋಡಿ ಏನೆಂದರು, ಗುರುಗಳೇ?" ಎಂದು ಕೇಳಿದ.

"ನಿನ್ನ ಅಕ್ಕ ಬಂದು ಪಂಕ್ತಿಯಲ್ಲಿ ಕುಳಿತಾಗ ನಮ್ಮ ಮಠದವರು ಏನನ್ನುತ್ತಾರೋ, ಅದನ್ನೇ" ಎಂದರು ಗುರುಗಳು.