ಗಾಣದೆತ್ತಿನ ದಿಬ್ಬ

ಹುಲಿಗುಂದದ ಊರಾಚೆ, ಮಡ್ಡಿ ನೆಲದಲ್ಲಿ ಒಂದು ಬೋಳು ದಿಬ್ಬವಿದೆ. ಶಿವಾಲಯ ನೋಡಲು ಬಂದವರಿಗೆ ಎಣ್ಣೆ ದತ್ತಿ ಬಿಟ್ಟ ಗಾಣಿಗರ ಕೂಟದ ಶಾಸನವನ್ನು ತೋರಿಸಿ ಹೊಗಳುತ್ತಾರೆ. ದಿಬ್ಬವನ್ನು ಯಾರೂ ತೋರಿಸುವುದಿಲ್ಲ. ಅದಕ್ಕೆ ಗಾಣದೆತ್ತಿನ ದಿಬ್ಬ ಎಂದು ಹೆಸರು. ಹೆಸರು ಬಂದ ಬಗೆ ಹೇಳಿದರೆ ಶಾಸನದ ಮೆರುಗು ಹೋಗುತ್ತದೆ. ಹೋಗಲಿ.

ಹಿಂದೆ ಒಮ್ಮೆ ಊರಿನ ಗಾಣಿಗರೆಲ್ಲ ಕೂಟ ಕಟ್ಟಿಕೊಂಡಿದ್ದರು. ದೇವರ ನಂದಾದೀಪಕ್ಕೆ ಎಣ್ಣೆ ಅವರದು. ಸೋಮವಾರ ಯಾರೂ ಗಾಣ ಕಟ್ಟಬಾರದು. ಕೂಟದವನು ಸತ್ತರೆ ಮನೆಗೊಂದು ದೀಪ ತಂದು, ಹೆಣಕ್ಕೆ ಹೆಗಲು ಕೊಟ್ಟು, ಕೂಟದ ರುದ್ರಭೂಮಿಯಲ್ಲೇ ಮಣ್ಣು ಮಾಡಬೇಕು. ಸಂತೆಯ ಮರುದಿನ ಒಂದು ಸೋಮವಾರ, ಯಾರ ಮನೆಯಲ್ಲೂ ಎಣ್ಣೆಯಿಲ್ಲದಾಗ, ಗುಡಿಯ ಎಣ್ಣೆಗಡಿಗೆ ಒಡೆದು ದೀಪ ಆರುವುದರಲ್ಲಿತ್ತು. ಮಾಚಯ್ಯನೆಂಬ ಗಾಣಿಗ ಗಾಣ ಕಟ್ಟಿ, ಎಣ್ಣೆ ತೆಗೆದು, ಓಡಿಹೋಗಿ ಸುರಿದ. ದೀಪ ಉಳಿಯಿತು. ಕೂಟ ಅವನನ್ನು ಹೊರಗೆ ಹಾಕಿತು.

ಆ ಮಳೆಗಾಲದಲ್ಲೇ ಮಾಚಯ್ಯ ಜ್ವರ ಬಂದು ಸತ್ತ. ಹೆಂಡತಿ ಕಾಳವ್ವೆಗೆ ಬೇಕಿದ್ದುದು ಒಂದೇ, ಗಂಡ ತನ್ನವರ ನಡುವೆ ಮಣ್ಣಾಗಬೇಕು. ಕೂಟದ ಹಿರಿಯ ಬಮ್ಮಿಸೆಟ್ಟಿಯ ಜಗಲಿಯ ಮುಂದೆ ಹೋಗಿ ನಿಂತಳು.

“ಅಣ್ಣಾ, ಸೋಮವಾರದ ಎಣ್ಣೆ ಎಂದು ದೇವರು ದೀಪ ಆರಿಸಿಕೊಂಡನೇನು?”

“ದೇವರ ಮಾತು ಬೇರೆ ತಂಗಿ, ಕೂಟದ ಮಾತು ಬೇರೆ.”

“ಹೆಗಲು ಕೇಳುವುದಿಲ್ಲ. ಜಾಗವನ್ನಾದರೂ ಕೊಡು.”

“ನೀನೇ ತಂದರೆ ಬೇಡ ಎನ್ನುವವರು ಯಾರು?” ಎಂದ ಸೆಟ್ಟಿ. ಜಗಲಿಯವರು ನಕ್ಕರು.

ಕಾಳವ್ವೆ ಗಂಡನನ್ನು ಗಾಣದ ಹಲಗೆಯ ಮೇಲೆ ಮಲಗಿಸಿ ಎತ್ತಿಗೆ ಕಟ್ಟಿದಳು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಗಾಣ ಸುತ್ತಿಯೇ ಮುದಿಯಾದ ಎತ್ತು. ನೇರ ದಾರಿ ಅದಕ್ಕೆ ಗೊತ್ತೇ ಇರಲಿಲ್ಲ. ಪಟ್ಟಿ ಬಿಚ್ಚಿದರೆ ಬೆದರಿ ನಿಂತಿತು, ಕಟ್ಟಿದರೆ ಬಲಕ್ಕೆ ಬಾಗಿತು. ಹಗ್ಗ ಜಗ್ಗಿದಳು, ಬೈದಳು, ಕೈಮುಗಿದಳು. ಊರು ದಾಟುವಷ್ಟರಲ್ಲಿ ಅದು ದಿಬ್ಬ ಹತ್ತಿ ಅಲ್ಲೇ ಸುತ್ತತೊಡಗಿತು. ರುದ್ರಭೂಮಿ ಎದುರಿಗೇ ಕಾಣುತ್ತಿತ್ತು. ಕೂಟದ ಗಂಡಸರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡಿದರು. ಹಗ್ಗ ಹಿಡಿಯಲು ಒಬ್ಬನೂ ಬರಲಿಲ್ಲ. ಶಾಸನದ ಧರ್ಮಾತ್ಮರು ಇವರೇ. ಕೊನೆಗೆ ಕಾಳವ್ವೆ ಜಗ್ಗುವುದನ್ನು ಬಿಟ್ಟಳು. ಎತ್ತಿನ ಜೊತೆ ತಾನೂ ಸುಮ್ಮನೆ ಸುತ್ತಿದಳು. ಆಮೇಲೆ ಆ ಸುತ್ತಿನ ನಡುವೆಯೇ ಒಬ್ಬಳೇ ಗುಂಡಿ ತೋಡಿದಳು ಎನ್ನುತ್ತಾರೆ.

ಈಗ ಹೋದವರಿಗೆ ಅಲ್ಲಿ ಹುಲ್ಲು ಹುಟ್ಟದ ಒಂದು ದುಂಡನೆಯ ಜಾಡು ಕಾಣುತ್ತದೆ, ಒಳಗೆ ಎರಡು ಮಣ್ಣುಗುಪ್ಪೆ. ಒಂದು ಮಾಚಯ್ಯನದು, ಇನ್ನೊಂದು ಎತ್ತಿನದು ಎನ್ನುತ್ತಾರೆ. ಕಾಳವ್ವೆಯನ್ನು ಎಲ್ಲಿ ಮಣ್ಣು ಮಾಡಿದರೋ, ಮಾಡುವವರು ಯಾರಾದರೂ ಇದ್ದರೋ, ಊರಿನಲ್ಲಿ ಯಾರಿಗೂ ಗೊತ್ತಿಲ್ಲ.