ಹೊಂಡದಲ್ಲಿ ಮೂಡಿದ ಕೆಂಪು

ಬಿಳಿಮಟ್ಟಿಯ ಶ್ರೀ ಘನಲಿಂಗ ಮಹಾಸ್ವಾಮಿಗಳವರ ಮಠವೆಂದರೆ ಆಗ ಒಂದು ಹಳೆಯ ಮಣ್ಣಿನ ಮಾಳಿಗೆ, ಅದರ ಹಿಂದೆ ಕಲ್ಲಿನ ಮೆಟ್ಟಿಲುಗಳ ಹೊಂಡ, ಅಷ್ಟೆ. ಸುತ್ತಲಿನ ಬಡ ಮಕ್ಕಳು ಅಲ್ಲಿಯೇ ಉಂಡು, ಮಲಗಿ, ಮಠದ ಶಾಲೆಯಲ್ಲಿ ಓದುತ್ತಿದ್ದರು. ಪೂಜ್ಯರು ಮಕ್ಕಳ ಪಂಕ್ತಿಯಲ್ಲೇ ಕುಳಿತು ಜೋಳದ ನುಚ್ಚು ಸ್ವೀಕರಿಸುತ್ತಿದ್ದ ಆ ಸಂಜೆಗಳನ್ನು ನೆನೆದರೆ ಅಂದು ಓದಿದವರ ಕಣ್ಣು ಈಗಲೂ ತುಂಬಿ ಬರುತ್ತದೆ.

ಆ ಶಾಲೆಗೆ ವಿಜ್ಞಾನ ಕಲಿಸಲು ಧಾರವಾಡದಿಂದ ಬಂದವರು ಅಡಿವೆಪ್ಪ ಮಾಸ್ತರರು. ಹರೆಯದ ವಯಸ್ಸು, ಕಾವಿ ಕಂಡರೆ ಅಷ್ಟಕ್ಕಷ್ಟೆ. ಮಠದಲ್ಲೆಂಥ ವಿಜ್ಞಾನ ಎಂದು ಒಳಗೊಳಗೇ ನಗುತ್ತ, ಬೇರೆ ಕಡೆ ಕೆಲಸ ಸಿಕ್ಕರೆ ಹೊರಟುಬಿಡುವ ವಿಚಾರದಲ್ಲಿದ್ದರು.

ಒಂದು ವರ್ಷ ಮಕ್ಕಳಿಗೆ ವಾಂತಿಭೇದಿ ಹತ್ತಿತು. ಅಡುಗೆಯಾಕೆಯ ಮಗಳು ಗಿರಿಜವ್ವ ಉಳಿದದ್ದೇ ದೊಡ್ಡದು. ಹೊಂಡದ ನೀರು ಕೆಟ್ಟಿದೆ ಎಂದರು ಡಾಕ್ಟರು.

"ಮಡಿವಾಳರು ಅರಿವೆ ಒಗದು ಒಗದು ತೀರ್ಥ ಕೆಡಿಸ್ಯಾರ. ಇನ್ನ ಅವರನ್ನ ಹೊಂಡಕ್ಕ ಬಿಡಬಾರದು" ಎಂದು ಊರ ಹಿರಿಯರು ಮಠದ ಕಟ್ಟೆಗೆ ಬಂದು ಕುಳಿತರು. ಮಾಸ್ತರರೂ ತಲೆಯಾಡಿಸಿ, "ಅದರಿಂದನ ಆಗಿರಬೇಕ್ರೀ" ಎಂದುಬಿಟ್ಟರು.

ಪೂಜ್ಯರು ಅವರತ್ತ ತಿರುಗಿದರು. "ಮಾಸ್ತರ, ನೀವು ಕಣ್ಣಾರೆ ಕಂಡೀರೇನು?"

"ಇಲ್ರೀ ಅಜ್ಜಾರ."

"ಹಂಗಾದ್ರ ಮಕ್ಕಳನ್ನ ಕರಕೊಂಡು ಹುಡುಕ್ರಿ. ಕಾಣೂತನಕ ಯಾರ ಮ್ಯಾಲೂ ಬೆರಳು ಬ್ಯಾಡ."

ಅಲ್ಲಿಯವರೆಗೆ ನೀರು ಕುದಿಸಿ ಕುಡಿಯಬೇಕೆಂದು ಅಪ್ಪಣೆಯಾಯಿತು. ಮಾಸ್ತರರ ಮುಖ ಕೆಂಪಾಗಿತ್ತು. ಪುರಾವೆ ಕೇಳಬೇಕಾದವರು ತಾವು, ಕೇಳಿದವರು ಸ್ವಾಮಿಗಳು!

ಮಕ್ಕಳು ಹೊಂಡದ ಸುತ್ತ ಅಲೆದರು. ತರಗೆಲೆ ತೇಲಿಬಿಟ್ಟು ನೀರು ಯಾವ ಕಡೆಗೆ ಸರಿಯುತ್ತದೆಂದು ನೋಡಿದರು. ಓಕುಳಿಯ ಬಣ್ಣ ಕದಡಿ ಸುರಿದರೆ ಹೊಲಸಿನ ದಾರಿ ತಿಳಿದೀತು ಎಂದು ಸೂಚಿಸಿದವಳು ಆಗತಾನೆ ಚೇತರಿಸಿಕೊಂಡಿದ್ದ ಗಿರಿಜವ್ವ. ಮಡಿವಾಳರ ಒಗೆಯುವ ಕಲ್ಲಿನ ಬಳಿ ಹಸಿರು ಸುರಿದರು. ಅದು ಹಾಗೆಯೇ ಕೋಡಿಯತ್ತ ಸರಿದು ಹೊರಗೆ ಹರಿದುಹೋಯಿತು. ಮಠದ ಬಚ್ಚಲ ಗುಂಡಿಗೆ ಕೆಂಪು ಸುರಿದರು. ಮರುದಿನ ಬೆಳಿಗ್ಗೆ ನೋಡಿದರೆ, ಮಕ್ಕಳು ಕೊಡ ಮುಳುಗಿಸುವ ಮೆಟ್ಟಿಲಿನ ಬಿರುಕಿನಿಂದ ಕೆಂಪು ಒಸರುತ್ತಿತ್ತು!

ಆ ಗುಂಡಿಗೆ ಸೇರುತ್ತಿದ್ದುದು ಗೋಶಾಲೆಯ ಗಂಜಲ, ಪೂಜ್ಯರ ಸ್ನಾನದ ನೀರು. ಕಟ್ಟೆಯ ಮೇಲೆ ಪೂಜ್ಯರೂ ಊರ ಹಿರಿಯರೂ ಕುಳಿತಿರಲು ಅದನ್ನು ಹೇಳುವವರಾರು? ಮಕ್ಕಳು ನೆಲ ನೋಡುತ್ತ ನಿಂತರು. ಮಾಸ್ತರರೂ ಹಿಂದೆ ಸರಿದರು. ಕೊನೆಗೆ ಗಿರಿಜವ್ವನೇ ಮುಂದೆ ಬಂದು, "ಅಜ್ಜಾರ, ಹೊಲಸು ನಿಮ್ಮ ಬಚ್ಚಲದಿಂದ ಬರಾಕತ್ತೈತ್ರಿ" ಎಂದಳು.

ಹಿರಿಯರೊಬ್ಬರು ಗದರಲು ಎದ್ದರು. ಪೂಜ್ಯರು ಕೈಯೆತ್ತಿ ತಡೆದು, ಆ ಹುಡುಗಿಗೇ ಕೈಮುಗಿದರು. "ಭೇಷ್ ತಾಯಿ. ಹುಡುಕಿದವರು ನೀವು, ದಾರಿನೂ ನೀವ ಮಾಡ್ರಿ. ನಾನು ಮಣ್ಣು ಹೊರತೀನಿ."

ಮಕ್ಕಳು ತೋಟದವರೆಗೆ ಕಲ್ಲಿನ ಕಾಲುವೆ ಕಟ್ಟಿದರು. ಮೊದಲ ಸಲ ಇಳಿಜಾರು ತಪ್ಪಿ ನೀರೆಲ್ಲ ಹಿಂದಕ್ಕೆ ನುಗ್ಗಿತು. ಬುಟ್ಟಿ ಹೊತ್ತು ನಿಂತಿದ್ದ ಪೂಜ್ಯರ ಕಾವಿಯೂ ತೊಯ್ದು ಹೋಯಿತು. ಅವರು ಮಕ್ಕಳಿಗಿಂತ ಜೋರಾಗಿ ನಕ್ಕರು. ಕಿತ್ತು ಮತ್ತೆ ಕಟ್ಟಿದರು. ಹಳೆಯ ಗುಂಡಿ ಮುಚ್ಚಿ, ಹೊಂಡದ ನೀರನ್ನೆಲ್ಲ ಎತ್ತಿ ಹಾಕಿ, ಬಿರುಕುಗಳಿಗೆ ಗಾರೆ ಮೆತ್ತಿದರು. ಸೆಲೆಯಿಂದ ಹೊಸ ನೀರು ತುಂಬಿತು. ಬರಬರುತ್ತ ಬೇನೆ ನಿಂತಿತು.

ಬೇನೆ ಪೂರ್ತಿ ನಿಂತ ದಿನ ಅಡಿವೆಪ್ಪ ಮಾಸ್ತರರು ಬಂದು, ಹುಟ್ಟಿದಾಗಿನಿಂದ ಯಾವ ಸ್ವಾಮಿಗೂ ಬಾಗದ ತಲೆಯನ್ನು ಪೂಜ್ಯರ ಪಾದಕ್ಕೆ ಬಾಗಿಸಲು ಹೋದರು. ಪೂಜ್ಯರು ಅವರ ಭುಜ ಹಿಡಿದು ನಿಲ್ಲಿಸಿದರು.

"ಇಲ್ಲಿ ಬ್ಯಾಡ ಮಾಸ್ತರ. ಬರ್ರಿ, ಇಬ್ಬರೂ ಮಡಿವಾಳರ ಓಣಿಗೆ ಹೋಗಿಬರೂಣು."

ಹಾಡಹಗಲೇ ಊರೆಲ್ಲ ನೋಡುತ್ತಿರಲು ಇಬ್ಬರೂ ನಡೆದು ಹೋದರು. ಓಣಿಯ ಹಿರಿಯ ಭರಮಪ್ಪ ಗಾಬರಿಯಿಂದ ಕಂಬಳಿ ಹಾಸಹೋದ. ಪೂಜ್ಯರು ಕೂರಲಿಲ್ಲ. "ನಮ್ಮ ಹೊಲಸು ನಿಮ್ಮ ತಲಿಗೆ ಕಟ್ಟಿದ್ವಿ. ತಪ್ಪಾತು ಯಪ್ಪಾ" ಎಂದು ನಿಂತೇ ಕೈಮುಗಿದರು. ಪಕ್ಕದಲ್ಲಿ ಮಾಸ್ತರರೂ ಕೈಜೋಡಿಸಿದರು. ಭರಮಪ್ಪ ಅತ್ತುಬಿಟ್ಟ.

ಮುಂದೆ ಪಟ್ಟಣದ ಶಾಲೆಗಳು ಎಷ್ಟು ಕರೆದರೂ ಮಾಸ್ತರರು ಬಿಳಿಮಟ್ಟಿ ಬಿಡಲಿಲ್ಲ. ಕೂದಲು ಹಣ್ಣಾಗುವವರೆಗೂ ಅಲ್ಲಿಯೇ ಕಲಿಸಿದರು. ಅವರ ತರಗತಿಯ ಮುಂದಿನ ಸಾಲಿನಲ್ಲಿ ಮಡಿವಾಳರ ಓಣಿಯ ಮಕ್ಕಳು ಕುಳಿತಿರುತ್ತಿದ್ದರು.